ಮೆಡಿಕಲ್ ಶಾಪಲ್ಲಿ ಕೊಲೆಸ್ಟ್ರಾಲ್ ಟೆಸ್ಟ್ ಇಡೋರಿಗೆ: ಮಷೀನಾ, ಲ್ಯಾಬ್ ಟೈಅಪ್ಪಾ, ಕ್ಯಾಂಪಾ, ಇಲ್ಲಾ ಬರೀ ಚಾರ್ಟಾ?

ಔಷಧಿ ಅಂಗಡಿ ಇಟ್ಕೊಂಡಿರೋರು ಕೊಲೆಸ್ಟ್ರಾಲ್ ಟೆಸ್ಟ್ ಶುರು ಮಾಡೋಣ ಅಂದಾಗ ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ, ಯಾವ ಮಷೀನ್ ತಗೊಳ್ಲಿ ಅಂತ. ನಾನೂ ಹಾಗೇ ಶುರು ಮಾಡಿದ್ದು. ಮಷೀನ್ ತಂದು ಇಟ್ಟ ಎರಡನೇ ದಿನಾನೇ ಒಬ್ಬರಿಗೆ ಟೋಟಲ್, ಅಂದ್ರೆ ಒಟ್ಟು ಕೊಲೆಸ್ಟ್ರಾಲ್, 290ರ ಹತ್ರ ಬಂತು (ಇಲ್ಲಿನ ಕೊಲೆಸ್ಟ್ರಾಲ್ ನಂಬರೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ), ಅವರು ನನ್ನ ಮುಖ ನೋಡ್ತಾರೆ, ನಾನು ಆ ಸ್ಲಿಪ್ ನೋಡ್ತೀನಿ, ಇವರನ್ನ ಯಾವ ಡಾಕ್ಟರ್ ಹತ್ರ ಕಳಿಸೋದು, ಏನಂತ ಬರೆದು ಕೊಡೋದು, ಇವರು ಹೋದ್ರಾ ಇಲ್ವಾ ಅಂತ ಆಮೇಲೆ ವಿಚಾರಿಸೋದು ಯಾರು, ಒಂದಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ. "ಡಾಕ್ಟರಿಗೆ ತೋರ್ಸಿ" ಅಂತ ಅಂದೆ. ಅಷ್ಟೇ. ಅವರು ತೋರ್ಸಿದ್ರೋ ಇಲ್ವೋ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ನಾನು ಎಲ್ಲಾ ಆಯ್ಕೆನೂ ಒಂದೇ ತಕ್ಕಡೀಲಿ ತೂಗ್ತೀನಿ, ಹೆಚ್ಚು ಬಂದೋರು ಮುಂದಿನ ಹೆಜ್ಜೆ ಇಡ್ತಾರಾ ಇಲ್ವಾ ಅಂತ. ಮಷೀನ್ ಎಷ್ಟು ಫಾಸ್ಟು, ಬ್ಲೂಟೂತ್ ಇದ್ಯಾ, ಪ್ರಿಂಟರ್ ಬರತ್ತಾ ಅನ್ನೋದೆಲ್ಲ ಅದಾದ್ಮೇಲೆ.

ಇದು ನನ್ನ ತಲೆಯಿಂದ ಬಂದ ಮಾತಲ್ಲ. ಕೆನಡಾದಲ್ಲಿ ಸ್ಕ್ರಿಪ್ ಅಂತ ಒಂದು ಸ್ಟಡಿ ನಡೀತು, 2002ರಲ್ಲಿ ಪ್ರಕಟ ಆಯ್ತು, 54 ಫಾರ್ಮಸಿ, 675 ಜನ, ಎಲ್ಲರೂ ಹೃದಯದ ರಿಸ್ಕ್ ಜಾಸ್ತಿ ಇರೋರು. ಒಂದು ಗುಂಪಿಗೆ ಫಾರ್ಮಸಿಸ್ಟೇ ಕೂರ್ಸಿ ಮಾತಾಡಿ, ಅಂಗಡಿಯಲ್ಲೇ ಕೊಲೆಸ್ಟ್ರಾಲ್ ನೋಡಿ, ಡಾಕ್ಟರಿಗೆ ಬರೆದು ಕಳಿಸಿ, ವಾರಗಟ್ಟಲೆ ಫಾಲೋಅಪ್ ಮಾಡಿದ್ರು. ಇನ್ನೊಂದು ಗುಂಪಿಗೆ ಮಾಮೂಲಿ ಸೇವೆ. ಮೊದಲನೇ ಗುಂಪಲ್ಲಿ 57% ಜನಕ್ಕೆ ಡಾಕ್ಟರ್ ಪೂರ್ತಿ ಲಿಪಿಡ್ (ರಕ್ತದ ಕೊಬ್ಬಿನ) ಟೆಸ್ಟ್ ಮಾಡಿಸೋದೋ ಔಷಧಿ ಶುರು ಮಾಡೋದೋ ಡೋಸ್ ಏರ್ಸೋದೋ ಆಯ್ತು, ಇನ್ನೊಂದರಲ್ಲಿ 31% ಅಷ್ಟೇ. ಫಲಿತಾಂಶ ಅಷ್ಟು ಸ್ಪಷ್ಟವಾಗಿತ್ತು ಅಂತ ಸ್ಟಡಿನ ಬೇಗನೇ ನಿಲ್ಸಿದ್ರು. ಗಮನಿಸಿ, ಅಲ್ಲಿ ಟೆಸ್ಟ್ ಅನ್ನೋದು ಒಂದು ತುಂಡು ಮಾತ್ರ, ಜೊತೆಗಿದ್ದ ಪತ್ರ ಮತ್ತು ಫೋನು ಮಿಕ್ಕ ಕೆಲಸ ಮಾಡಿದ್ದು.

ಆಯ್ಕೆಗಳು ಅಂದ್ರೆ ಮುಖ್ಯವಾಗಿ ಇವು: ಟೋಟಲ್ ಮಾತ್ರ ತೋರ್ಸೋ ಚಿಕ್ಕ ಮೀಟರ್, ಪೂರ್ತಿ ಲಿಪಿಡ್ ತೋರ್ಸೋ ಸ್ಟ್ರಿಪ್ ಮಷೀನ್, ಒಂದು ಟೆಸ್ಟಿಗೆ ಒಂದು ಕ್ಯಾಸೆಟ್ ಹಾಕೋ ಮೇಜಿನ ಮೇಲಿನ ಅನಲೈಸರ್, ಲ್ಯಾಬ್ ಜೊತೆ ಸೇರಿ ಸ್ಯಾಂಪಲ್ ತೆಗೆದು ಕಳಿಸೋದು, ವರ್ಷಕ್ಕೊಂದೆರಡು ಸಲ ಕ್ಯಾಂಪ್, ಮತ್ತೆ ಯಾರೂ ಲೆಕ್ಕಕ್ಕೇ ತಗೊಳ್ಳದ ಒಂದು, ರಕ್ತಾನೇ ತೆಗೀದೆ ರಿಸ್ಕ್ ಚಾರ್ಟ್ ನೋಡಿ ಟೆಸ್ಟಿಗೆ ಕಳಿಸೋದು.

ಟೋಟಲ್ ಮಾತ್ರ ತೋರ್ಸೋ ಮೀಟರ್

ಇದು ಅಗ್ಗ, ಕೈಯಲ್ಲಿ ಹಿಡಿಯೋ ಅಷ್ಟು ಚಿಕ್ಕದು, ಅದಕ್ಕೇ ಎಲ್ಲರ ಕಣ್ಣು ಮೊದಲು ಇದರ ಮೇಲೆ ಬೀಳತ್ತೆ. ಅಕ್ಯುಟ್ರೆಂಡ್ ಪ್ಲಸ್ ಥರದ್ದು ಟೋಟಲ್ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಥರದ ಕೊಬ್ಬು) ಬೇರೆ ಬೇರೆ ಸ್ಟ್ರಿಪ್ಪಲ್ಲಿ ತೋರ್ಸತ್ತೆ, ಆದ್ರೆ ಎಚ್‌ಡಿಎಲ್, ಅಂದ್ರೆ ಒಳ್ಳೇ ಕೊಲೆಸ್ಟ್ರಾಲ್, ಇಲ್ಲ. ಎಚ್‌ಡಿಎಲ್ ಇಲ್ದಿದ್ರೆ ಏನಾಗತ್ತೆ ಅಂತ ಒಂದು ಲೆಕ್ಕ ನೋಡಿ.

ಒಬ್ಬರಿಗೆ ಟೋಟಲ್ 215, ಎಚ್‌ಡಿಎಲ್ 80, ಟ್ರೈಗ್ಲಿಸರೈಡ್ 75. ಇನ್ನೊಬ್ಬರಿಗೆ ಟೋಟಲ್ 190, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 190. ಟೋಟಲ್ ಮಾತ್ರ ನೋಡಿದ್ರೆ 200ರ ಗೆರೆ ದಾಟಿದೋರು ಮೊದಲನೇವ್ರು, ಅವರಿಗೆ ಭಯ ಹುಟ್ಸಿ ಕಳಿಸ್ತೀರ, ಎರಡನೇವ್ರಿಗೆ "ನಾರ್ಮಲ್, ಆರಾಮಾಗಿರಿ" ಅಂತೀರ. ಆದ್ರೆ ಇಬ್ಬರದೂ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಲೆಕ್ಕ ಹಾಕಿದ್ರೆ 120ಕ್ಕೇ ಬರತ್ತೆ. ಟೋಟಲ್ಲಿಂದ ಎಚ್‌ಡಿಎಲ್ ಕಳೆದು ಉಳಿಯೋದು, ಅಂದ್ರೆ ನಾನ್ ಎಚ್‌ಡಿಎಲ್, ಮೊದಲನೇವ್ರಿಗೆ 135, ಎರಡನೇವ್ರಿಗೆ 158. ನಿಜವಾಗಿ ಕೂರ್ಸಿ ಮಾತಾಡ್ಬೇಕಾಗಿದ್ದು ಎರಡನೇವ್ರ ಹತ್ರ, ಅವರನ್ನೇ ನೀವು ನಗ್ತಾ ಕಳಿಸಿದ್ರಿ.

ಒಂದು ಮಾತು ಇದರ ಪರವಾಗೂ ಹೇಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ರಿಸ್ಕ್ ಚಾರ್ಟಿಗೆ ವಯಸ್ಸು, ಲಿಂಗ, ಸಿಗರೇಟು, ಮೇಲಿನ ಬಿಪಿ, ಶುಗರ್ ಇದ್ಯಾ ಇಲ್ವಾ ಇವುಗಳ ಜೊತೆ ಬೇಕಾಗೋದು ಟೋಟಲ್ ಕೊಲೆಸ್ಟ್ರಾಲ್ ಮಾತ್ರ. ಆ ಚಾರ್ಟಿಟ್ಕೊಂಡು ಕೆಲಸ ಮಾಡೋರಿಗೆ ಈ ಮೀಟರ್ ಪೂರ್ತಿ ದಂಡ ಅಲ್ಲ. ಆದ್ರೆ ಚಾರ್ಟ್ ಇಲ್ದೆ ಬರೀ ನಂಬರ್ ಹೇಳಿ ಕಳಿಸೋದಾದ್ರೆ ಬೇಡ, ದುಡ್ಡು ಉಳಿಸಿ.

ಸ್ಟ್ರಿಪ್ ಮಷೀನ್ ಮತ್ತು ಕ್ಯಾಸೆಟ್ ಅನಲೈಸರ್

ನಿಜವಾದ ಚರ್ಚೆ ಇರೋದು ಈ ಎರಡರ ನಡುವೆ. ಕಾರ್ಡಿಯೋಚೆಕ್ ಥರದ ಸ್ಟ್ರಿಪ್ ಮಷೀನಿಗೆ ಪೂರ್ತಿ ಪ್ಯಾನೆಲ್ಲಿಗೆ 40 ಮೈಕ್ರೋಲೀಟರಷ್ಟು ರಕ್ತ ಬೇಕು, ಒಂದೂವರೆ ಎರಡು ನಿಮಿಷಕ್ಕೆ ರಿಸಲ್ಟ್, ಬ್ಯಾಟರೀಲಿ ಓಡತ್ತೆ, ಬ್ಯಾಗಲ್ಲಿ ಹಾಕ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬೋದು. ಕೊಲೆಸ್ಟೆಕ್ ಎಲ್‌ಡಿಎಕ್ಸ್ ಥರದ ಕ್ಯಾಸೆಟ್ ಅನಲೈಸರಿಗೂ ಅಷ್ಟೇ ರಕ್ತ, ಟೈಮ್ ಸುಮಾರು 5 ನಿಮಿಷ. ಅಫಿನಿಯಾನ್ ಥರದ್ದಕ್ಕೆ 15 ಮೈಕ್ರೋಲೀಟರ್ ಸಾಕು, ಟೈಮ್ ಇನ್ನೂ ಸ್ವಲ್ಪ ಜಾಸ್ತಿ. ಈ 40 ಮತ್ತು 15ರ ವ್ಯತ್ಯಾಸ ಕಾಗದದ ಮೇಲೆ ಏನೂ ಅನ್ಸಲ್ಲ, ಕೈ ತಣ್ಣಗಿರೋ ವಯಸ್ಸಾದವರ ಬೆರಳು ಹಿಡ್ಕೊಂಡು ಕೂತಾಗ ಗೊತ್ತಾಗತ್ತೆ. ಶುಗರ್ ಮೀಟರಿಗೆ ಒಂದು ಮೈಕ್ರೋಲೀಟರಿಗಿಂತ ಕಡಿಮೆ ಸಾಕಲ್ವಾ, ಅದೇ ಅಂದಾಜಲ್ಲಿ ಚುಚ್ಚಿದ್ರೆ 40 ಬರೋದೇ ಇಲ್ಲ, ಆಮೇಲೆ ಬೆರಳು ಹಿಂಡ್ತೀವಿ, ಹಿಂಡಿದ್ರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರ್ಕೊಂಡು ರಿಸಲ್ಟ್ ತೆಳುವಾಗತ್ತೆ.

ಸ್ಪೀಡ್ ನೋಡಿ ಸ್ಟ್ರಿಪ್ಪೇ ವಾಸಿ ಅನ್ನೋರು ತುಂಬಾ ಜನ. ನನಗೆ ಹಾಗನ್ಸಲ್ಲ. ಬಂದೋರನ್ನ ಟೆಸ್ಟಿಗೆ ಮುಂಚೆ 5 ನಿಮಿಷ ಕೂರಿಸ್ಲೇಬೇಕು, ಯಾಕಂದ್ರೆ ನಿಂತಿರುವಾಗ ರಕ್ತ ಸ್ವಲ್ಪ ಗಟ್ಟಿ ಆಗಿ ಕೊಲೆಸ್ಟ್ರಾಲ್ ಹೆಚ್ಚು ತೋರ್ಸತ್ತೆ. ಆಮೇಲೆ ಕೈ ತೊಳೆಯೋದು, ಬಿಪಿ ನೋಡೋದು, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತಾ ಅಂತ ಕೇಳೋದು, ಕೊನೆಗೆ ರಿಸಲ್ಟ್ ಬಗ್ಗೆ ಮಾತು. ಒಟ್ಟು 20 ನಿಮಿಷಕ್ಕೆ ಕಮ್ಮಿ ಆಗಲ್ಲ. ಅದರಲ್ಲಿ ಮಷೀನ್ ಮೂರು ನಿಮಿಷ ಉಳಿಸಿದ್ರೆ ಏನು ಬಂತು? ಕ್ಯಾಸೆಟ್ ಓಡ್ತಿರೋ ಆ 5 ನಿಮಿಷ ನನಗಂತೂ ಪ್ರಶ್ನೆ ಕೇಳೋಕೆ ಸರಿಯಾಗಿ ಸಾಕಾಗತ್ತೆ.

ಸ್ಟ್ರಿಪ್ಪಿನ ನಿಜವಾದ ಲಾಭ ಸ್ಟೋರೇಜು. ಡಬ್ಬಿ ಮುಚ್ಚಳ ತಕ್ಷಣ ಹಾಕಿದ್ರೆ ಸಾಕು, ರೂಮಲ್ಲೇ ಇಡ್ಬೋದು. (ತೇವ ಇರೋ ಜಾಗದಲ್ಲಿ ಮುಚ್ಚಳ ತೆಗೆದಿಟ್ಟು ಬೇರೆ ಗಿರಾಕಿ ನೋಡೋಕೆ ಹೋದ್ರೆ ಆ ಡಬ್ಬಿ ಮುಗೀತು.) ಪ್ರತಿ ಬ್ಯಾಚ್ ಜೊತೆ ಒಂದು ಕೋಡ್ ಚಿಪ್ ಬರತ್ತೆ, ಹೊಸ ಡಬ್ಬಿ ತೆಗೆದಾಗ ಹಳೇ ಚಿಪ್ ಬಿಟ್ಕೊಂಡು ಓಡ್ಸೋ ಅಭ್ಯಾಸ ಹುಡುಗ್ರಿಗೆ ಬರ್ಬಾರ್ದು. ಕ್ಯಾಸೆಟ್ಟಿಗೆ ಫ್ರಿಜ್ ಬೇಕು, 2ರಿಂದ 8 ಡಿಗ್ರಿ, ಎಲ್‌ಡಿಎಕ್ಸ್ ಕ್ಯಾಸೆಟ್ಟನ್ನ ಹೊರಗಿಟ್ರೆ 30 ದಿನ ಅಷ್ಟೇ, ಅದೂ ಹೊರಗೆ ತೆಗೆದ ದಿನಾಂಕ ಬಾಕ್ಸ್ ಮೇಲೆ ಬರೆದಿಟ್ರೆ. ಫ್ರಿಜ್ಜಿಂದ ತೆಗೆದ ತಕ್ಷಣ ಹಾಕೋ ಹಾಗಿಲ್ಲ, ಕಮ್ಮಿ ಅಂದ್ರೂ 10 ನಿಮಿಷ ಹೊರಗಿರ್ಬೇಕು. ಗಿರಾಕಿ ಅವಸರದಲ್ಲಿದ್ದಾರೆ ಅಂತ ತಣ್ಣಗಿರೋ ಕ್ಯಾಸೆಟ್ಟೇ ಹಾಕಿ ಒಂದಲ್ಲ ಮೂರು ಕ್ಯಾಸೆಟ್ ದಂಡ ಮಾಡ್ಕೊಂಡಿದೀನಿ ನಾನು, ಅದರ ಖರ್ಚು ಯಾರ ಹತ್ರಾನೂ ವಸೂಲಿ ಮಾಡೋಕಾಗಲ್ಲ.

ಇನ್ನು ನಿಖರತೆ. ಎರಡೂ ಥರದ ಮಷೀನ್ ಮಾರೋರೂ "ಲ್ಯಾಬ್ ಕ್ವಾಲಿಟಿ" ಅಂತಾನೇ ಹೇಳ್ತಾರೆ. ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಕಾರ್ಯಕ್ರಮ, ಎನ್‌ಸಿಇಪಿ, ಇಟ್ಟಿದ್ದ ಗುರಿ ಏನಂದ್ರೆ ಒಟ್ಟು ತಪ್ಪು ಟೋಟಲ್ಲಲ್ಲಿ 9%, ಎಲ್‌ಡಿಎಲ್‌ಲ್ಲಿ 12%, ಎಚ್‌ಡಿಎಲ್‌ಲ್ಲಿ 13%, ಟ್ರೈಗ್ಲಿಸರೈಡಲ್ಲಿ 15% ಒಳಗಿರ್ಬೇಕು ಅಂತ. ಅಂದ್ರೆ ಗುರಿ ಮುಟ್ಟಿರೋ ಒಳ್ಳೇ ಮಷೀನೇ ಇದ್ರೂ ನಿಜವಾದ 200, 182ರಿಂದ 218ರ ನಡುವೆ ಎಲ್ಲಿ ಬೇಕಾದ್ರೂ ಕಾಣಿಸ್ಬೋದು. ಇದರ ಮೇಲೆ ಮನುಷ್ಯನ ದೇಹದಲ್ಲೇ ದಿನದಿಂದ ದಿನಕ್ಕೆ ಏರುಪೇರು ಇದ್ದೇ ಇರತ್ತೆ, ಟ್ರೈಗ್ಲಿಸರೈಡಲ್ಲಂತೂ 20%ರಷ್ಟು. ಹೋದ ತಿಂಗಳು 212 ಇತ್ತು ಈಗ 196 ಆಗಿದೆ ಅಂತ ಖುಷಿ ಪಡೋರಿಗೆ ಏನು ಹೇಳ್ಬೇಕು ಅಂತ ಮೊದಲೇ ಯೋಚ್ನೆ ಮಾಡಿಟ್ಕೊಳ್ಳಿ. ಎರಡು ಮಷೀನ್ ನಡುವೆ ಆಯ್ಕೆ ಮಾಡುವಾಗ ಟೋಟಲ್ ಎಷ್ಟು ಸರಿ ಇದೆ ಅಂತ ಕೇಳ್ಬೇಡಿ, ಎಚ್‌ಡಿಎಲ್ ಎಷ್ಟು ಸರಿ ಇದೆ ಅಂತ ಕೇಳಿ. ಸಂಖ್ಯೆ ಚಿಕ್ಕದು, ಅದಕ್ಕೇ ಅಲ್ಲಿ ನಾಲ್ಕೈದು ಪಾಯಿಂಟ್ ಆಚೀಚೆ ಆದ್ರೂ ರಿಸ್ಕ್ ಲೆಕ್ಕ ಬದಲಾಗತ್ತೆ.

ಎಲ್‌ಡಿಎಲ್ ವಿಷ್ಯ ಇನ್ನೂ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇಲ್ಲೇ ಜನ ಮೋಸ ಹೋಗೋದು. ಇಂಥಾ ಹೆಚ್ಚಿನ ಮಷೀನುಗಳು ಎಲ್‌ಡಿಎಲ್ ಅಳೆಯಲ್ಲ, ಲೆಕ್ಕ ಹಾಕ್ತವೆ. 1972ರ ಫ್ರೀಡೆವಾಲ್ಡ್ ಸೂತ್ರ: ಟೋಟಲ್ಲಿಂದ ಎಚ್‌ಡಿಎಲ್ ಕಳೀರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೀರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದ್ರೆ ಈ ಸೂತ್ರ ನಡೆಯಲ್ಲ, ಮಷೀನ್ ಎಲ್‌ಡಿಎಲ್ ಜಾಗ ಖಾಲಿ ಬಿಡತ್ತೆ, ಅದು ರಿಪೇರಿ ಪ್ರಾಬ್ಲಮ್ ಅಲ್ಲ. ಒಂದ್ಸಲ ನನ್ನ ಹತ್ರ ಬಂದೋರಿಗೆ ಟೋಟಲ್ 210, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 320, ಎಲ್‌ಡಿಎಲ್ 101 ಅಂತ ಬಂತು. ಸ್ವಲ್ಪ ಅನುಮಾನ ಬಂದು ಕೇಳಿದ್ರೆ ಬರೋ ಮುಂಚೆ ಕೈಗೆ ಕ್ರೀಮ್ ಹಚ್ಕೊಂಡಿದ್ರಂತೆ. ಕ್ರೀಮಲ್ಲಿ, ಕೆಲವು ಸೋಪಲ್ಲಿ ಗ್ಲಿಸರಿನ್ ಇರತ್ತೆ, ಟ್ರೈಗ್ಲಿಸರೈಡ್ ಟೆಸ್ಟ್ ಕೊನೆಗೆ ಅಳೆಯೋದೂ ಗ್ಲಿಸರಾಲ್ಲೇ, ಅಲ್ಲಿಗೆ ಮುಗೀತಲ್ಲ. ಚೆನ್ನಾಗಿ ತೊಳೆಸಿ ಒರೆಸಿ ಬೇರೆ ಬೆರಳಿಂದ ತೆಗೆದ್ರೆ ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 135. ಕೈಗೆ ಹಚ್ಚಿದ ಕ್ರೀಮು ಎಲ್‌ಡಿಎಲ್ಲನ್ನ ಕಮ್ಮಿ ಮಾಡಿ ತೋರ್ಸಿತ್ತು! ಲ್ಯಾಬಲ್ಲಿ ತೋಳಿಂದ ರಕ್ತ ತೆಗೆದ್ರೆ ಈ ತಾಪತ್ರಯ ಇಲ್ಲ.

ಇದೇ ಥರ ವಿಟಮಿನ್ ಸಿ ಜಾಸ್ತಿ ಡೋಸಲ್ಲಿ ತಗೊಳ್ತಿರೋರಿಗೆ ಬಣ್ಣದ ರಿಯಾಕ್ಷನ್ ಮೇಲೆ ನಡೆಯೋ ಸ್ಟ್ರಿಪ್ಪಲ್ಲಿ ಕಮ್ಮಿ ತೋರ್ಸ್ಬೋದು. ರಕ್ತ ತುಂಬಾ ಕಮ್ಮಿ ಇರೋರಲ್ಲೂ, ಅತಿ ಗಟ್ಟಿ ಇರೋರಲ್ಲೂ ತೊಂದ್ರೆ. ಇವನ್ನೆಲ್ಲ ಟೆಸ್ಟಿಗೆ ಮುಂಚೆ ಕೇಳೋ ಫಾರ್ಮಲ್ಲಿ ಹಾಕ್ಕೊಳ್ಳಿ.

ಯಾವ ಮಷೀನ್ ತಗೊಂಡ್ರೂ ಚುಚ್ಚೋ ಸೂಜಿ ಒಬ್ಬರಿಗೆ ಒಂದೇ, ಬಳಸಿದ್ಮೇಲೆ ತಾನಾಗೇ ಒಳಗೆ ಹೋಗೋ ಥರದ್ದು. ಮನೆಯಲ್ಲಿ ಶುಗರ್ ನೋಡ್ಕೊಳ್ಳೋ ಪೆನ್ ಥರದ್ದನ್ನ ಸೂಜಿ ಮಾತ್ರ ಬದಲಾಯಿಸಿ ಹತ್ತು ಜನಕ್ಕೆ ಹಾಕೋದು ಖಂಡಿತ ಬೇಡ, ಹಾಗೆ ಹಂಚ್ಕೊಂಡೇ ಹೆಪಟೈಟಿಸ್ ಬಿ ಹಬ್ಬಿರೋ ಉದಾಹರಣೆಗಳಿವೆ. ಗ್ಲೌಸು, ಸೂಜಿ ಹಾಕೋ ಗಟ್ಟಿ ಡಬ್ಬ, ಚುಚ್ಚೋರಿಗೆ ಹೆಪಟೈಟಿಸ್ ಬಿ ಲಸಿಕೆ. ಇದರಲ್ಲಿ ಹೋಲಿಕೆ ಏನಿಲ್ಲ.

ಲ್ಯಾಬ್ ಟೈಅಪ್

ಲ್ಯಾಬಿಂದ ಒಬ್ಬರು ಬಂದು ತೋಳಿಂದ ರಕ್ತ ತೆಗೀತಾರೆ, ನೀವು ಜಾಗ ಕೊಡ್ತೀರ, ರಿಪೋರ್ಟ್ ಸಂಜೆಗೋ ಮಾರನೇ ದಿನಕ್ಕೋ ಬರತ್ತೆ. ಬಂಡವಾಳ ಕಮ್ಮಿ, ಕ್ವಾಲಿಟಿ ಕಂಟ್ರೋಲ್ ತಲೆನೋವು ಅವರದ್ದು, ಡಾಕ್ಟರುಗಳೂ ಆ ರಿಪೋರ್ಟನ್ನ ಪ್ರಶ್ನೆ ಮಾಡ್ದೇ ಒಪ್ಕೊಳ್ತಾರೆ, ಬೆರಳಿನ ಸ್ಲಿಪ್ ತಗೊಂಡು ಹೋದೋರಿಗೆ ಹೆಂಗೂ ಮತ್ತೆ ಲ್ಯಾಬಿಗೇ ಬರೆದು ಕೊಡ್ತಾರಲ್ವಾ. ಶುಗರಿನ ಮೂರು ತಿಂಗಳ ಸರಾಸರಿ, ಥೈರಾಯ್ಡ್, ಕಿಡ್ನಿ ಎಲ್ಲಾ ಅದೇ ರಕ್ತದಲ್ಲಿ ನೋಡ್ಬೋದು. ಥೈರಾಯ್ಡ್ ಕಮ್ಮಿ ಕೆಲಸ ಮಾಡ್ತಿದ್ರೆ ಅದರಿಂದಾನೇ ಕೊಲೆಸ್ಟ್ರಾಲ್ ಏರಿರ್ಬೋದು, ಬೆರಳಿನ ಮಷೀನಿಗೆ ಅದು ಕಾಣ್ಸಲ್ಲ.

ಆದ್ರೆ ಲ್ಯಾಬ್ ಅಂದ ತಕ್ಷಣ ಎಲ್ಲಾ ಸರಿ ಅಂತಲ್ಲ. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ನಡೆಯೋದು ಸ್ಯಾಂಪಲ್ ಮಷೀನಿಗೆ ಹೋಗೋ ಮುಂಚೆ, ಅಂದ್ರೆ ನಿಮ್ಮ ಅಂಗಡಿಯಲ್ಲೇ. ತೋಳಿಗೆ ಬೆಲ್ಟ್ ಕಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಟ್ರೆ ಕೊಲೆಸ್ಟ್ರಾಲ್ ಹೆಚ್ಚು ತೋರ್ಸತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿದ ಟ್ಯೂಬಿನ ಪ್ಲಾಸ್ಮಾದಲ್ಲಿ ನೋಡಿದ್ರೆ, ಹೆಪ್ಪುಗಟ್ಟಿದ್ಮೇಲೆ ಉಳಿಯೋ ಸೀರಮ್ಮಿಗಿಂತ ಸುಮಾರು 3% ಕಮ್ಮಿ ಬರತ್ತೆ, ಟ್ಯೂಬ್ ಮೇಲೆ ಹೆಸರು ಆಮೇಲೆ ಬರೆಯೋಣ ಅಂತ ಜೇಬಲ್ಲಿ ಹಾಕ್ಕೊಳ್ಳೋರನ್ನ ಕಣ್ಣಾರೆ ನೋಡಿದೀನಿ. ಗಾಡೀಲಿ ಬಿಸಿಲಲ್ಲಿ ಅಲೆದಾಡೋ ಸ್ಯಾಂಪಲ್ ಬೇರೆ. ಟೈಅಪ್ ಮಾಡ್ಕೊಳ್ಳೋ ಮುಂಚೆ ಲ್ಯಾಬಿಗೆ ಐಎಸ್‌ಓ 15189 (ಮೆಡಿಕಲ್ ಲ್ಯಾಬುಗಳ ಗುಣಮಟ್ಟದ್ದು) ಮಾನ್ಯತೆ ಇದ್ಯಾ ಅಂತ ನೋಡಿ, ಸ್ಯಾಂಪಲ್ ಎಷ್ಟು ಹೊತ್ತಿಗೆ ಅವರ ಬಾಗಿಲು ಮುಟ್ಟತ್ತೆ ಅಂತ ಕೇಳಿ.

ದೊಡ್ಡ ತೊಂದ್ರೆ ಬೇರೆ. ರಿಪೋರ್ಟ್ ಬಂದಾಗ ಮನುಷ್ಯ ಎದುರಿಗೆ ಇರಲ್ಲ. ಮೊಬೈಲಿಗೆ ಪಿಡಿಎಫ್ ಹೋಗತ್ತೆ, ಅವರು ಕೆಂಪು ಬಣ್ಣದಲ್ಲಿ ಇರೋದನ್ನ ನೋಡ್ತಾರೆ, ಇಂಟರ್ನೆಟ್ಟಲ್ಲಿ ಹುಡುಕ್ತಾರೆ, ಗಾಬರಿ ಆಗ್ತಾರೆ ಇಲ್ಲಾ ಮರೀತಾರೆ. ಬೆರಳಿನ ಮಷೀನಲ್ಲಿ ನಂಬರ್ ಬರೋ ಹೊತ್ತಿಗೆ ಅವರು ನಿಮ್ಮ ಎದುರಿಗೇ ಕೂತಿರ್ತಾರೆ, ಆ 5 ನಿಮಿಷ ಇನ್ಯಾವಾಗ್ಲೂ ಸಿಗಲ್ಲ. ಲ್ಯಾಬ್ ದಾರಿ ಹಿಡಿದ್ರೆ ರಿಪೋರ್ಟನ್ನ ಅಂಗಡಿಗೆ ಬಂದೇ ತಗೊಳ್ಳೋ ಹಾಗೆ, ಬಂದಾಗ ಕೂರ್ಸಿ ಹೇಳೋ ಹಾಗೆ ಮಾಡ್ಕೊಳ್ಳಿ. ಆಗ ಲ್ಯಾಬ್ ಟೈಅಪ್ಪು ಮಷೀನಿಗಿಂತ ಒಂದು ಕೈ ಮೇಲೇನೇ.

ಖಾಲಿ ಹೊಟ್ಟೆ ಬೇಕಾ ಬೇಡ್ವಾ

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ದೆ ಎಷ್ಟೋ ಅಂಗಡಿಗಳು ಬೆಳಿಗ್ಗೆ 9 ಗಂಟೆ ಒಳಗೆ ಮಾತ್ರ ಟೆಸ್ಟ್ ಅಂತ ಬೋರ್ಡ್ ಹಾಕಿ ಅರ್ಧ ಜನಾನ ಕಳ್ಕೊಳ್ತವೆ. 2016ರಲ್ಲಿ ಯುರೋಪಿನ ಎರಡು ಸಂಘಗಳು, ಅಥೆರೋಸ್ಕ್ಲೆರೋಸಿಸ್‌ದು ಒಂದು, ಲ್ಯಾಬ್ ಮೆಡಿಸಿನ್‌ದು ಒಂದು, ಸೇರಿ ಮಾಮೂಲಿ ಲಿಪಿಡ್ ಟೆಸ್ಟಿಗೆ ಉಪವಾಸ ಬೇಕಿಲ್ಲ ಅಂತ ಹೇಳಿವೆ, ಡೆನ್ಮಾರ್ಕಲ್ಲಿ 2009ರಿಂದಾನೇ ಹಾಗೆ ನಡೀತಿದೆ. ಊಟ ಆದ್ಮೇಲೆ ಟ್ರೈಗ್ಲಿಸರೈಡ್ ಸರಾಸರಿ 26 ಪಾಯಿಂಟ್ ಏರತ್ತೆ, ಟೋಟಲ್ ಮತ್ತು ಎಲ್‌ಡಿಎಲ್ ಸುಮಾರು 8 ಪಾಯಿಂಟ್ ಇಳಿಯತ್ತೆ, ಅಷ್ಟೇ. ಉಪವಾಸ ಇಲ್ದೆ ಟ್ರೈಗ್ಲಿಸರೈಡ್ 440 ದಾಟಿದ್ರೆ ಮಾತ್ರ ಖಾಲಿ ಹೊಟ್ಟೇಲಿ ಇನ್ನೊಂದ್ಸಲ ನೋಡೋ ಯೋಚ್ನೆ ಮಾಡಿ ಅಂತಾರೆ.

ಇದಕ್ಕೂ ಆಯ್ಕೆಗೂ ಸಂಬಂಧ ಇದೆ. ಹೃದಯದ ರಿಸ್ಕ್ ಲೆಕ್ಕ ಹಾಕೋ ಸೂತ್ರಗಳಲ್ಲಿ ಯುರೋಪಿನ ಸ್ಕೋರ್2 ಬಳಸೋದು ನಾನ್ ಎಚ್‌ಡಿಎಲ್, ಬ್ರಿಟನ್ನಿನ ಕ್ಯೂರಿಸ್ಕ್3 ಬಳಸೋದು ಟೋಟಲ್ ಮತ್ತು ಎಚ್‌ಡಿಎಲ್ ಅನುಪಾತ. ಎರಡಕ್ಕೂ ಟ್ರೈಗ್ಲಿಸರೈಡ್ ಬೇಡ, ಉಪವಾಸ ಬೇಡ. ಅಂದ್ರೆ ಟೋಟಲ್ ಮತ್ತು ಎಚ್‌ಡಿಎಲ್ ಎರಡೇ ಇರೋ ಸ್ಟ್ರಿಪ್ ಅಥವಾ ಕ್ಯಾಸೆಟ್ ಸಿಕ್ಕಿದ್ರೆ ಮೊದಲ ಸ್ಕ್ರೀನಿಂಗಿಗೆ ಬೇಕಾದಷ್ಟಾಯ್ತು, ಕ್ರೀಮಿನ ಕಥೆನೂ ತಪ್ಪತ್ತೆ. ಪೂರ್ತಿ ಪ್ಯಾನೆಲ್ ಡಾಕ್ಟರ್ ಹತ್ರ ಹೋಗೋರಿಗೆ ಲ್ಯಾಬಲ್ಲಿ ಆಗ್ಲಿ.

ಕ್ಯಾಂಪ್

ಕ್ಯಾಂಪ್ ಬಗ್ಗೆ ನನಗೆ ಅಂಥಾ ಗೌರವ ಇಲ್ಲ, ನೇರವಾಗೇ ಹೇಳ್ತೀನಿ. ಒಂದೇ ದಿನಕ್ಕೆ ನೂರು ಜನ, ಸಾಲಲ್ಲಿ ನಿಂತಿರ್ತಾರೆ, ಕೂರ್ಸೋಕೆ ಜಾಗ ಇಲ್ಲ, ಮಷೀನ್ ಬಿಸಿಯಾಗತ್ತೆ, ಗುಟ್ಟಾಗಿ ಮಾತಾಡೋ ಹಾಗಿಲ್ಲ, ಪಕ್ಕದೋರು ನಿಮ್ದೆಷ್ಟು ನಮ್ದೆಷ್ಟು ಅಂತ ಕ್ರಿಕೆಟ್ ಸ್ಕೋರ್ ಥರ ಹೇಳ್ಕೊಳ್ತಿರ್ತಾರೆ. ಫೋಟೋ ಚೆನ್ನಾಗಿ ಬರತ್ತೆ. ಹೆಚ್ಚು ಬಂದೋರನ್ನ ಮುಂದಿನ ವಾರ ವಿಚಾರಿಸೋಕೆ ಯಾರೂ ಇರಲ್ಲ, ಬಂದೋರಲ್ಲಿ ಬಹಳ ಜನ ಹೆಂಗಿದ್ರೂ ಆರೋಗ್ಯದ ಬಗ್ಗೆ ಕಾಳಜಿ ಇರೋರೇ, ನಿಜವಾಗಿ ಬೇಕಾಗಿರೋರು ಬರೋದೇ ಇಲ್ಲ. ಮಾಡ್ಲೇಬೇಕು ಅಂದ್ರೆ ಫೋನ್ ನಂಬರ್ ಬರ್ಕೊಂಡು, ಹೆಚ್ಚು ಬಂದೋರಿಗೆ ಅಂಗಡಿಗೆ ಬರೋ ದಿನ ಅಲ್ಲೇ ಗೊತ್ತು ಮಾಡಿ ಕೊಡಿ, ಜನ ಕಮ್ಮಿ ಆದ್ರೂ ಪರವಾಗಿಲ್ಲ.

ರಕ್ತ ತೆಗೀದೆ ಶುರು ಮಾಡೋದು

ವಿಶ್ವ ಆರೋಗ್ಯ ಸಂಸ್ಥೆಯ ಅದೇ 2019ರ ಚಾರ್ಟಿನ ಇನ್ನೊಂದು ರೂಪ ಇದೆ, ಅದಕ್ಕೆ ಲ್ಯಾಬ್ ಬೇಡ. ವಯಸ್ಸು 40ರಿಂದ 74, ಲಿಂಗ, ಸಿಗರೇಟು, ಬಿಪಿ, ಎತ್ತರ ತೂಕದಿಂದ ಬರೋ ಬಿಎಂಐ. ಅಷ್ಟು ಸಾಕು, ಮುಂದಿನ 10 ವರ್ಷದ ಹೃದಯಾಘಾತ ಮತ್ತು ಪಾರ್ಶ್ವವಾಯು ರಿಸ್ಕ್ ಅಂದಾಜು ಸಿಗತ್ತೆ. ಬೇಕಾಗೋ ಸಾಮಾನು ಒಂದು ಬಿಪಿ ಮಷೀನು, ಒಂದು ತೂಕದ ಯಂತ್ರ, ಗೋಡೆ ಮೇಲೆ ಒಂದು ಅಳತೆ ಪಟ್ಟಿ.

ನನ್ನ ಪ್ರಕಾರ ಹೊಸಬರು ಇಲ್ಲಿಂದಾನೇ ಶುರು ಮಾಡ್ಬೇಕು. ಮೂರು ತಿಂಗಳು ಇದನ್ನೇ ಮಾಡಿ, ರಿಸ್ಕ್ ಜಾಸ್ತಿ ಬಂದೋರನ್ನ ಲ್ಯಾಬಿಗೆ ಕಳಿಸಿ, ಎಷ್ಟು ಜನ ಹೋದ್ರು ಅಂತ ಪುಸ್ತಕದಲ್ಲಿ ಬರೆದಿಡಿ. ಮಾತಾಡೋಕೆ ನಿಮಗೆ ನಿಜವಾಗ್ಲೂ ಟೈಮ್ ಸಿಗತ್ತಾ, ಡಾಕ್ಟರುಗಳು ನಿಮ್ಮ ಪತ್ರಕ್ಕೆ ಬೆಲೆ ಕೊಡ್ತಾರಾ ಅನ್ನೋದು ಒಂದು ಸೂಜೀನೂ ಖರ್ಚಾಗ್ದೇ ಗೊತ್ತಾಗತ್ತೆ.

ಇದರ ಕೊರತೆನೂ ಇದೆ, ಮುಚ್ಚಿಡೋ ಹಾಗಿಲ್ಲ. ಹುಟ್ಟಿಂದಾನೇ ಎಲ್‌ಡಿಎಲ್ ಹೆಚ್ಚಿರೋ ವಂಶವಾಹಿ ತೊಂದ್ರೆ, ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರೊಲೀಮಿಯಾ, ಸುಮಾರು 250ರಿಂದ 300 ಜನಕ್ಕೆ ಒಬ್ಬರಿಗೆ ಇರತ್ತೆ. ಅಂಥೋರು 30 ವರ್ಷದ, ಸಣ್ಣಗಿರೋ, ಬಿಪಿ ಸರಿ ಇರೋ, ಸಿಗರೇಟ್ ಮುಟ್ಟದ ಹುಡುಗ ಆಗಿರ್ಬೋದು. ಚಾರ್ಟ್ ಅವನನ್ನ ಹಿಡಿಯಲ್ಲ. ಅದಕ್ಕೇ ಮನೇಲಿ ಗಂಡಸರಿಗೆ 55ರ ಒಳಗೆ, ಹೆಂಗಸರಿಗೆ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ಯಾ ಅನ್ನೋ ಪ್ರಶ್ನೆ ಬಿಡ್ಲೇಬಾರ್ದು, ಹೌದು ಅಂದ್ರೆ ಚಾರ್ಟ್ ಪಕ್ಕಕ್ಕಿಟ್ಟು ರಕ್ತದ ಟೆಸ್ಟಿಗೆ ಕಳಿಸಿ.

ದುಡ್ಡಿನ ಲೆಕ್ಕ

ಮಷೀನ್ ಬೆಲೆ ನೋಡಿ ಎಲ್ಲರೂ ಹೆದರ್ತಾರೆ, ನಿಜವಾಗಿ ತಿನ್ನೋದು ಕ್ಯಾಸೆಟ್ಟು. ಎರಡು ಲೆವೆಲ್ಲಿನ ಕಂಟ್ರೋಲ್, ಅಂದ್ರೆ ಎಷ್ಟು ಬರ್ಬೇಕು ಅಂತ ಮೊದಲೇ ಗೊತ್ತಿರೋ ಲಿಕ್ವಿಡ್, ತಿಂಗಳಿಗೊಂದ್ಸಲ ಓಡ್ಸಿದ್ರೆ ಎರಡು ಕ್ಯಾಸೆಟ್ ಹೋಯ್ತು. ತಿಂಗಳಿಗೆ 10 ಜನ ಬಂದ್ರೆ 12 ಕ್ಯಾಸೆಟ್ಟಲ್ಲಿ 2, ಅಂದ್ರೆ ಆರನೇ ಒಂದು ಭಾಗ ಬರೀ ಮಷೀನ್ ಸರಿ ಇದ್ಯಾ ಅಂತ ನೋಡೋಕೇ ಖರ್ಚು. 60 ಜನ ಬಂದ್ರೆ 62ರಲ್ಲಿ 2. ಇದರ ಮೇಲೆ ಗುಳ್ಳೆ ಬಂದು ಕೆಟ್ಟಿದ್ದು, ರಕ್ತ ಸಾಲದೇ ಹೋಗಿದ್ದು, ಎಕ್ಸ್‌ಪೈರಿ ಆಗಿದ್ದು. ಈ ಕಂಟ್ರೋಲ್ ಉಳಿಸೋಣ ಅಂತ ಬಿಡೋ ಅಂಗಡಿಗಳಿವೆ, ಅಂಥಾ ಮಷೀನಿನ ನಂಬರ್ ನಂಬೋದಕ್ಕಿಂತ ಟೆಸ್ಟ್ ಮಾಡದೇ ಇರೋದು ಮೇಲು. ತಿಂಗಳಿಗೆ 20-25 ಜನ ಗ್ಯಾರಂಟಿ ಇಲ್ದಿದ್ರೆ ಕ್ಯಾಸೆಟ್ ಮಷೀನ್ ಬೇಡ ಅಂತ ನನ್ನ ಅಂದಾಜು, ಲ್ಯಾಬ್ ಜೊತೆ ಹೋಗಿ.

ದುಡ್ಡಿನ ಮಾತು ಬಂದ್ಮೇಲೆ ಇನ್ನೊಂದು. ಟೆಸ್ಟ್ ಮಾಡೋರೂ ನಾವೇ, ಔಷಧಿ ಮಾರೋರೂ ನಾವೇ. ಸ್ವಲ್ಪ ಹೆಚ್ಚು ಬಂದ ತಕ್ಷಣ ಶೆಲ್ಫಿಂದ ಸಪ್ಲಿಮೆಂಟ್ ಬಾಟ್ಲು ಇಳಿಸೋದು ಶುರುವಾದ್ರೆ ಜನಕ್ಕೆ ಎರಡೇ ವಾರದಲ್ಲಿ ಅರ್ಥ ಆಗತ್ತೆ. ರೆಡ್ ಈಸ್ಟ್ ರೈಸ್ ಅಂತ "ನ್ಯಾಚುರಲ್" ಹೆಸರಲ್ಲಿ ಬರೋದರಲ್ಲಿ ಇರೋ ಮೊನಾಕೊಲಿನ್ ಕೆ, ಲೊವಾಸ್ಟಾಟಿನ್ ಮಾತ್ರೆ ಎರಡೂ ಒಂದೇ ವಸ್ತು, ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ತಗೊಳ್ತಿರೋರಿಗೆ ಅದನ್ನೂ ಕೊಟ್ರೆ ಡಬಲ್ ಆಯ್ತಲ್ಲ. ಟೆಸ್ಟ್ ಮಾಡ್ಸಿದ ದಿನ ಏನೂ ಮಾರಲ್ಲ ಅಂತ ನಾನು ಒಂದು ನಿಯಮ ಇಟ್ಕೊಂಡಿದೀನಿ. ಬೇರೆಯೋರು ನಗ್ತಾರೆ, ನಗ್ಲಿ.

ಹಾಗಾದ್ರೆ ಯಾರಿಗೆ ಯಾವುದು

ಒಬ್ಬರೇ ನಡೆಸೋ ಚಿಕ್ಕ ಅಂಗಡಿ, ಪರದೆ ಹಾಕಿದ ಒಂದು ಮೂಲೆನೂ ಇಲ್ಲ ಅಂದ್ರೆ ಚಾರ್ಟು ಮತ್ತು ಲ್ಯಾಬಿಗೆ ಕಳಿಸೋದು. ಒಬ್ಬ ಅಸಿಸ್ಟೆಂಟ್ ಇದ್ದು ಒಂದು ರೂಮಿದ್ರೆ ವಾರಕ್ಕೆ ಎರಡು ದಿನ ಲ್ಯಾಬ್ ಟೈಅಪ್ಪು, ರಿಪೋರ್ಟ್ ಕೈಗೆ ಕೊಡೋದು ನೀವೇ. ಖಾಯಂ ಗಿರಾಕಿಗಳಲ್ಲಿ ಬಿಪಿ ಶುಗರ್ ಮಾತ್ರೆಗೆ ತಿಂಗಳು ತಿಂಗಳು ಬರೋರು ತುಂಬಾ ಜನ ಇದ್ದು, ಇಬ್ಬರು ಫಾರ್ಮಸಿಸ್ಟ್ ಇದ್ರೆ ಕ್ಯಾಸೆಟ್ ಅನಲೈಸರ್ ತನ್ನ ಅನ್ನ ತಾನೇ ದುಡ್ಕೊಳ್ಳತ್ತೆ. ಮನೆಮನೆಗೋ ಕೆಲಸದ ಜಾಗಕ್ಕೋ ಹೋಗಿ ನೋಡೋ ಯೋಚ್ನೆ ಇದ್ರೆ ಮಾತ್ರ ಸ್ಟ್ರಿಪ್ ಮಷೀನು. ಬೆರಳು ಚುಚ್ಚೋಕೆ, ತೋಳಿಂದ ರಕ್ತ ತೆಗೆಯೋಕೆ ಫಾರ್ಮಸಿಗೆ ಅನುಮತಿ ಇದ್ಯಾ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕದಲ್ಲಿ ಕ್ಲಿಯಾ ವೇವರ್ ಸರ್ಟಿಫಿಕೇಟ್ (ಸರಳ ಟೆಸ್ಟ್ ಮಾಡೋರಿಗೆ ಲ್ಯಾಬ್ ಕಾನೂನಿನಡಿ ಕೊಡೋದು) ಬೇಕು, ಇಂಗ್ಲೆಂಡಲ್ಲಿ 40ರಿಂದ 74 ವಯಸ್ಸಿನೋರ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಹೆಲ್ತ್ ಚೆಕ್ಕನ್ನ ಕೆಲವು ಕಡೆ ಫಾರ್ಮಸಿಗಳೇ ಮಾಡ್ತವೆ. ಅಡ್ವಾನ್ಸ್ ಕೊಡೋ ಮುಂಚೆ ನಿಮ್ಮ ಲೈಸೆನ್ಸ್ ಏನು ಹೇಳತ್ತೆ ಅಂತ ಓದಿ.

ಯಾರಿಗೆ ಟೆಸ್ಟ್ ಬೇಡ ಅಂತ ಹೇಳೋದೂ ಕಲೀರಿ. ಗರ್ಭಿಣಿಯರಲ್ಲಿ ಕೊಲೆಸ್ಟ್ರಾಲ್ ತಾನಾಗೇ ಏರಿರತ್ತೆ, ಈಗಷ್ಟೇ ಜೋರು ಜ್ವರ ಬಂದು ಎದ್ದೋರಲ್ಲಿ, ಆಪರೇಷನ್ ಆದೋರಲ್ಲಿ ಇಳಿದಿರತ್ತೆ, ಅವರಿಗೆ ಆಮೇಲೆ ಬನ್ನಿ ಅನ್ನಿ. ಎದೆ ನೋವು ಅಂದೋರಿಗೆ ಟೆಸ್ಟ್ ಏನೂ ಬೇಡ, ಆಸ್ಪತ್ರೆಗೆ ಗಾಡಿ ಕರೀರಿ. ಡಾಕ್ಟರಿಗೆ ಕಳಿಸೋ ಪತ್ರದಲ್ಲಿ ಎಲ್‌ಡಿಎಲ್ 190 ಅಥವಾ ಮೇಲೆ, ಟ್ರೈಗ್ಲಿಸರೈಡ್ 500 ಅಥವಾ ಮೇಲೆ ಇದ್ರೆ ಬೇಗ ನೋಡಿ ಅಂತ ಮೇಲೇನೇ ಬರೀರಿ, ಮೊದಲನೇದು ವಂಶದ್ದಿರ್ಬೋದು, ಎರಡನೇದರಲ್ಲಿ ಮೇದೋಜೀರಕ ಗ್ರಂಥಿ ಊದೋ ಭಯ. ಬೆರಳಿನ ರಕ್ತದ್ದು, ಊಟ ಆಗಿ ಎಷ್ಟು ಹೊತ್ತು, ಯಾವ ಮಷೀನು, ಇವೂ ಪತ್ರದಲ್ಲಿರ್ಲಿ.

ಮಷೀನೇ ತಗೊಳ್ತೀನಿ ಅಂತ ತೀರ್ಮಾನ ಆಗಿದ್ರೆ ಮಾರೋರ ಹತ್ರ ಎರಡು ವಾರಕ್ಕೆ ಟ್ರಯಲ್ಲಿಗೆ ಕೇಳಿ. ಲ್ಯಾಬಲ್ಲಿ ಹೇಗಿದ್ರೂ ರಕ್ತ ಕೊಡ್ತಿರೋ 20 ಜನರಿಗೆ ಅದೇ ಹೊತ್ತಲ್ಲಿ ಬೆರಳಿಂದಾನೂ ತೆಗೆದು ಎರಡೂ ನಂಬರ್ ಅಕ್ಕಪಕ್ಕ ಬರೆದಿಡಿ. ಒಂದಿಬ್ಬರದ್ದು ಆಚೀಚೆ ಆದ್ರೆ ಪರವಾಗಿಲ್ಲ, ಇಪ್ಪತ್ತರಲ್ಲಿ ಹದಿನೈದು ಒಂದೇ ಕಡೆ ವಾಲಿದ್ರೆ, ಅದರಲ್ಲೂ ಎಚ್‌ಡಿಎಲ್ ಎಲ್ಲಾ ಮೇಲೇ ತೋರ್ಸ್ತಿದ್ರೆ, ಬೇರೆ ಬ್ಯಾಚ್ ಕೊಡಿ ಅನ್ನಿ, ಆಗ್ಲೂ ಹಾಗೇ ಬಂದ್ರೆ ಮಷೀನ್ ವಾಪಸ್ ಕೊಡಿ. ಕಂಟ್ರೋಲ್ ಲಿಕ್ವಿಡ್ ಸ್ಟಾಕ್ ಇಟ್ಟಿರ್ತೀರಾ, ಕ್ಯಾಸೆಟ್ ಕೈಗೆ ಬರೋವಾಗ ಎಷ್ಟು ತಿಂಗಳ ಎಕ್ಸ್‌ಪೈರಿ ಉಳಿದಿರತ್ತೆ, ಮಷೀನ್ ಕೆಟ್ರೆ ಬದಲಿ ಎಷ್ಟು ದಿನದಲ್ಲಿ ಅಂತ ಕೇಳಿ, ಅದನ್ನ ಬಿಲ್ ಮೇಲೆ ಬರೆಸ್ಕೊಳ್ಳಿ.